ಕಾರ್ಡಿನ ಚಿಕಿತ್ಸೆ, ಕೈದುಡ್ಡಿನ ಪ್ರಯಾಣ

ಮೈಸೂರಿನಿಂದ ಬೆಳಗ್ಗೆ ಬೆಂಗಳೂರಿಗೆ ಹೊರಡುವ ಚಾಮುಂಡಿ ಎಕ್ಸ್‌ಪ್ರೆಸ್ ಪಾಸಿನವರ ಗಾಡಿ ಎಂದೇ ಹೆಸರಾದದ್ದು. ಊಟದ ಡಬ್ಬಿ, ಹೆಗಲ ಬ್ಯಾಗು, ನಿತ್ಯದ ಸೀಟು, ನಿತ್ಯದ ಜಗಳ. ಅವರ ನಡುವೆ ಇನ್ನೊಂದು ಬಗೆಯ ಪ್ರಯಾಣಿಕರೂ ಇರುತ್ತಾರೆ: ಎಕ್ಸ್‌ರೇ ಕವರು ಮಡಚಿಹೋಗದಂತೆ ಎದೆಗೊತ್ತಿ ಹಿಡಿದವರು, ಕಿಟಕಿ ಪಕ್ಕದ ಜಾಗ ಕೇಳಿ ಪಡೆಯುವವರು, ರಾಮನಗರ ದಾಟುವ ಮೊದಲೇ ‘ಬೆಂಗ್ಳೂರು ಬಂತಾ’ ಎಂದು ವಿಚಾರಿಸುವವರು. ಇಳಿದ ಮೇಲೆ ಅವರು ಹೋಗುವುದು ಕಿದ್ವಾಯಿಗೋ ನಿಮ್ಹಾನ್ಸ್‌ಗೋ ಜಯದೇವಕ್ಕೋ. ದೂರದ ತಜ್ಞ ವೈದ್ಯರ ಬಳಿಗೆ ಹೋಗುವ ರೋಗಿಗೆ ದಾರಿಖರ್ಚಿನ ನೆರವು ಎಲ್ಲಿ ಸಿಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ನೋಡಲು ನಾನೂ ಆ ಗಾಡಿ ಹತ್ತಿದೆ.

ನೋಟ ಶುರುವಾದದ್ದು ಟಿಕೆಟ್ ಕೌಂಟರಿನಲ್ಲಿ. ಸಾಲಿನಲ್ಲಿ ಮುಂದಿದ್ದವರು ಸರಗೂರು ಕಡೆಯ ತಂದೆ, ಮಗ. ತಂದೆಗೆ ನಾಲಿಗೆಯ ಕ್ಯಾನ್ಸರ್. ಆಪರೇಷನ್ ಮುಗಿದಿದೆ, ಈಗ ಚೆಕಪ್ಪಿಗೆ ಹೊರಟಿದ್ದಾರೆ. ಮಗ ಆಸ್ಪತ್ರೆಯ ಸೀಲು ಬಿದ್ದ ಫಾರಂ ಒಳಕ್ಕೆ ಚಾಚಿದ. ಕ್ಯಾನ್ಸರ್ ರೋಗಿಗೆ ರೈಲ್ವೆ ಎರಡನೇ ದರ್ಜೆಯಲ್ಲಿ ಶೇ. 75 ರಿಯಾಯಿತಿ ಕೊಡುತ್ತದೆ, ಜೊತೆಗೆ ಬರುವ ಒಬ್ಬರಿಗೂ ಅಷ್ಟೇ. ಸ್ಲೀಪರ್ ಮತ್ತು ಮೂರನೇ ದರ್ಜೆ ಎ.ಸಿ.ಯಲ್ಲಿ ರೋಗಿಗೆ ಪೂರ್ತಿ ಉಚಿತ, ಜೊತೆಗಾರರಿಗೆ ಕಾಲು ದರ.

‘ಅಪ್ಪಂಗೂ ಕಾಲು ದುಡ್ಡು, ನಂಗೂ ಕಾಲು ದುಡ್ಡು ಸಾರ್. ಫಾರಂ ಮರ್ತ್ ಬಂದ್ರೆ ಮಾತ್ರ ಪೂರ್ತಿ’ ಎಂದ ಮಗ.

ಹೃದಯದ ಶಸ್ತ್ರಚಿಕಿತ್ಸೆಗೆ ಹೋಗುವವರಿಗೆ, ಡಯಾಲಿಸಿಸ್‌ ಮಾಡಿಸಿಕೊಳ್ಳುವವರಿಗೆ, ಥಲಸ್ಸೇಮಿಯ, ಹಿಮೋಫಿಲಿಯ ಇರುವವರಿಗೆ ಕೂಡ ಇಂಥ ರಿಯಾಯಿತಿ ಉಂಟು. 2020ರ ಮಾರ್ಚ್‌ನಲ್ಲಿ ಹಿರಿಯ ನಾಗರಿಕರ ರಿಯಾಯಿತಿಯನ್ನು ನಿಲ್ಲಿಸಿದಾಗಲೂ 11 ಬಗೆಯ ರೋಗಿಗಳದ್ದನ್ನು ರೈಲ್ವೆ ಉಳಿಸಿಕೊಂಡಿತು. ಮೆಚ್ಚಬೇಕಾದ ಮಾತೇ. ಆದರೆ ಇದು ಮೊಬೈಲಿನಲ್ಲಿ ಸಿಗದು. ಆಸ್ಪತ್ರೆಯಿಂದ ಪ್ರಮಾಣಪತ್ರ ತಂದು ಕೌಂಟರಿನಲ್ಲೇ ಟಿಕೆಟ್ ತೆಗೆಯಬೇಕು. ಅದೇ ಸಾಲಿನಲ್ಲಿ ಹಿಂದೆ ನಿಂತಿದ್ದ ಒಬ್ಬ ಹೆಂಗಸಿನ ಫೈಲಿನ ತುಂಬ ಸ್ಕ್ಯಾನು, ರಿಪೋರ್ಟು. ಈ ಫಾರಂ ಎಂಬುದೊಂದಿದೆ ಎಂದು ಮಾತ್ರ ಆಕೆಗೆ ಯಾರೂ ಹೇಳಿರಲಿಲ್ಲ. ಪೂರ್ತಿ ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡರು.

2022ರ ನವೆಂಬರ್‌ನಲ್ಲಿ ಮೈಸೂರಿಗೆ ವಂದೇ ಭಾರತ್ ಬಂತು. ಬೆಂಗಳೂರು, ಕಾಟ್ಪಾಡಿ ಹಾದು ಚೆನ್ನೈಗೆ ಹೋಗುವ ಗಾಡಿ. ಕಾಟ್ಪಾಡಿ ಎಂದರೆ ವೆಲ್ಲೂರಿನ ಸಿ.ಎಂ.ಸಿ. ಆಸ್ಪತ್ರೆಯ ಬಾಗಿಲು. ರೋಗಿಗಳಿಗೆಂದೇ ಬಿಟ್ಟಂತಿದೆ, ಆದರೆ ಅದರಲ್ಲಿ ಯಾವ ರಿಯಾಯಿತಿಯೂ ಇಲ್ಲ. ವೆಲ್ಲೂರಿಗೆ ಹೋಗುವ ಬಡವರಿಗೆ ರಾತ್ರಿಯ ಕಾವೇರಿ ಎಕ್ಸ್‌ಪ್ರೆಸ್ಸೇ ಗತಿ.

ಗಾಡಿ ಶ್ರೀರಂಗಪಟ್ಟಣ, ಪಾಂಡವಪುರ ದಾಟಿತು. ಮಗ ಲೆಕ್ಕ ಬಿಚ್ಚಿದ. ಆಪರೇಷನ್ನಿಗೆ ಕೈಯಿಂದ ಹೆಚ್ಚೇನೂ ಖರ್ಚಾಗಲಿಲ್ಲ, ರೇಷನ್ ಕಾರ್ಡು ಇತ್ತು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಉಳಿದವರಿಗೆ ಪ್ಯಾಕೇಜಿನ ಶೇ. 30, ಗರಿಷ್ಠ 1.5 ಲಕ್ಷ. ಹಣ ಸೋರಿದ್ದು ಆಪರೇಷನ್ ಮುಗಿದ ಮೇಲೆ. ಕರೆಂಟ್, ಅಂದರೆ ರೇಡಿಯೇಷನ್, ಕೊಡಿಸಲು ವಾರಕ್ಕೆ ಐದು ದಿನದಂತೆ ಆರು ವಾರ ಬೆಂಗಳೂರಿನಲ್ಲೇ ಉಳಿಯಬೇಕಾಯಿತು. ರೂಮು, ಊಟ, ಆಟೋ. ಮಗನದು ಗಾರೆ ಕೆಲಸ. ಹೋಗದ ದಿನ ಕೂಲಿಯಿಲ್ಲ. ಕೊನೆಗೆ ತಾಯಿ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿದರು. ಆಸ್ಪತ್ರೆಯ ಬಿಲ್ಲಿಗಲ್ಲ, ಬೆಂಗಳೂರಿನ ವಾಸಕ್ಕೆ.

ಇಲ್ಲೊಂದು ಹಳೆಯ ಸಂಗತಿ ನೆನೆಯಬೇಕು. ಆಯುಷ್ಮಾನ್‌ಗೆ ಮೊದಲು, 2008ರಲ್ಲಿ ಶುರುವಾದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯಲ್ಲಿ ಇಡೀ ಕುಟುಂಬಕ್ಕೆ ಸಿಗುತ್ತಿದ್ದದ್ದು ವರ್ಷಕ್ಕೆ 30,000 ರೂಪಾಯಿ ಮಾತ್ರ. ಆದರೆ ಆಸ್ಪತ್ರೆಗೆ ಸೇರಿದಾಗಲೆಲ್ಲ 100 ರೂಪಾಯಿ ಪ್ರಯಾಣ ಭತ್ಯೆ, ವರ್ಷಕ್ಕೆ 1,000ದವರೆಗೆ, ಅದರಲ್ಲಿ ಸೇರಿತ್ತು. ಹೊಸ ಯೋಜನೆಯಲ್ಲಿ ಮೊತ್ತ ಲಕ್ಷಕ್ಕೇರಿತು, ಆ ನೂರು ರೂಪಾಯಿ ಬಿದ್ದುಹೋಯಿತು. ಹಾಳೆಯ ಮೇಲೆ ಅದು ಜುಜುಬಿ ದುಡ್ಡು. ಸರಗೂರಿನಿಂದ ಮೈಸೂರಿಗೆ ಬಸ್ಸು ಹತ್ತುವವನಿಗೆ ಹಾಗೆ ಕಾಣುವುದಿಲ್ಲ.

ಮದ್ದೂರಿನಲ್ಲಿ ವಡೆ ಬಂತು. ತಂದೆ ಮುಖ ಕಿಟಕಿಗೆ ತಿರುಗಿಸಿಕೊಂಡರು. ಅವರಿಗೆ ಈಗ ಗಂಜಿ, ಹಾಲು ಬಿಟ್ಟರೆ ಬೇರೇನೂ ಇಳಿಯುವುದಿಲ್ಲ.

ಎದುರು ಸೀಟಿನ ಅಜ್ಜಿ ಮಾತಿಗೆ ಸೇರಿದರು. ಅವರು ಸಾಮಾನ್ಯವಾಗಿ ಹೋಗುವುದು ಸಬರ್ಬನ್ ಬಸ್ ಸ್ಟ್ಯಾಂಡಿನಿಂದ, ಕೆಂಪು ಬಸ್ಸಿನಲ್ಲಿ. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಡಿ ಹೆಂಗಸರಿಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಆಧಾರ್ ತೋರಿಸಿದರೆ ಸಾಕು, ಆಸ್ಪತ್ರೆಯ ಸೀಲು ಬೇಕಿಲ್ಲ. ಈ ಯೋಜನೆ ಮಾಡಿದ್ದು ರೋಗಿಗಳಿಗಾಗಿ ಅಲ್ಲ. ಆದರೂ ನನ್ನ ಮಟ್ಟಿಗೆ, ಕರ್ನಾಟಕದ ಬಡ ಹೆಣ್ಣು ರೋಗಿಗೆ ಇದಕ್ಕಿಂತ ಸಲೀಸಾದ ಪ್ರಯಾಣದ ನೆರವು ಇನ್ನೊಂದಿಲ್ಲ. ‘ಮೊದ್ಲು ಮಗ ಬರೋನು. ಈಗ ಸೊಸೇನೇ ಕರ್ಕೊಂಡೋಯ್ತಾಳೆ, ಇಬ್ರಿಗೂ ಫ್ರೀ’ ಎಂದರು ಅಜ್ಜಿ. ಹಾಗಾದರೆ ಇವತ್ತೇಕೆ ರೈಲು? ಅಜ್ಜಿ ದನಿ ತಗ್ಗಿಸಿದರು. ಬಸ್ಸಿನಲ್ಲಿ ಕಕ್ಕಸಿಲ್ಲ. ಹೊಟ್ಟೆಯ ಕಾಯಿಲೆಯವರಿಗೆ ಮೂರು ಗಂಟೆ ಎಂಬುದು ಮೂರು ದಿನ. ಇಂಥ ಲೆಕ್ಕ ಯಾವ ಯೋಜನೆಯ ಕಡತದಲ್ಲೂ ಇರುವುದಿಲ್ಲ.

ದೂರದ ಲೆಕ್ಕವೂ ವಿಚಿತ್ರ. ಕೆನಡಾದ ಒಂಟಾರಿಯೊ ಪ್ರಾಂತ್ಯದ ಉತ್ತರ ಭಾಗದವರು ತಜ್ಞರನ್ನು ಕಾಣಲು ಒಂದು ಕಡೆಗೆ ಕನಿಷ್ಠ 100 ಕಿ.ಮೀ. ಹೋಗಬೇಕಾದರೆ ಅಲ್ಲಿನ ಸರ್ಕಾರ ಕಿಲೋಮೀಟರಿಗೆ ಇಷ್ಟು ಸೆಂಟ್ ಎಂದು ಪ್ರಯಾಣ ಧನ ಕೊಡುತ್ತದೆ, ಉಳಿದುಕೊಳ್ಳಲೂ ನೆರವಾಗುತ್ತದೆ. ನಮ್ಮ ಕೆ.ಎಸ್.ಆರ್.ಟಿ.ಸಿ. ಅಂಗವಿಕಲರಿಗೆ ಕೊಡುವ ರಿಯಾಯಿತಿ ಪಾಸು ಮನೆಯಿಂದ 100 ಕಿ.ಮೀ.ವರೆಗೆ ಮಾತ್ರ. ಅಲ್ಲಿ ನೆರವು ಶುರುವಾಗುವ ಜಾಗದಲ್ಲಿ ಇಲ್ಲಿನದು ಮುಗಿಯುತ್ತದೆ. ಮೈಸೂರಿನಿಂದ ಬೆಂಗಳೂರು ಸುಮಾರು 140 ಕಿ.ಮೀ.

ಮೈಸೂರಿಗೇ ದೂರದಿಂದ ಬರುವವರ ಕಥೆ ಬೇರೆ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಶುರುವಾದದ್ದು. ಕಿವಿ ಕೇಳಿಸದ, ಮಾತು ಬಾರದ ಮಕ್ಕಳನ್ನು ಕರೆದುಕೊಂಡು ಹೊರರಾಜ್ಯಗಳ ತಾಯಂದಿರೂ ಬರುತ್ತಾರೆ. ಶ್ರವಣಸಾಧನದಂಥ ಉಪಕರಣ ಕೊಡುವ ಕೇಂದ್ರದ ಯೋಜನೆಯ 2014ರ ನಿಯಮಗಳಲ್ಲಿ ಬಡ ಫಲಾನುಭವಿಗೆ ಪ್ರಯಾಣಕ್ಕೆಂದು 250 ರೂಪಾಯಿಯ ಮಿತಿ, ಎಷ್ಟು ಸಲ ಬಂದರೂ ಅಷ್ಟೇ. ಹೆಗ್ಗಡದೇವನಕೋಟೆ, ಹುಣಸೂರಿನ ಕಾಡಂಚಿನ ಹಾಡಿಗಳ ಕ್ಷಯರೋಗಿಗೂ ಹೀಗೇ: ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 500 ಇದ್ದದ್ದು 2024ರ ನವೆಂಬರ್‌ನಿಂದ 1,000 ಆಯಿತು, ಬುಡಕಟ್ಟು ರೋಗಿಗೆ ಪ್ರಯಾಣಕ್ಕೆ ಸಿಗುವುದು ಒಂದೇ ಸಲ, 750 ರೂಪಾಯಿ. ಹೃದ್ರೋಗಿಗಳ ಪ್ರಯಾಣ ಮಾತ್ರ ನಿಜವಾಗಿ ತಗ್ಗಿದೆ. ಅದು ಭತ್ಯೆಯಿಂದಲ್ಲ, ಜಯದೇವ ಆಸ್ಪತ್ರೆಯೇ ಕೆ.ಆರ್.ಎಸ್. ರಸ್ತೆಗೆ ಬಂದದ್ದರಿಂದ. ಕಿದ್ವಾಯಿ ಮಾದರಿಯ ಸಂಸ್ಥೆಯೊಂದನ್ನು ಮೈಸೂರಿನಲ್ಲೂ ಕಟ್ಟುವುದಾಗಿ ಸರ್ಕಾರ ಹೇಳಿ ವರ್ಷಗಳೇ ಆಗಿವೆ.

ಮೆಜೆಸ್ಟಿಕ್ಕಿನಲ್ಲಿ ಇಳಿದು ಸಿಟಿ ಬಸ್ಸು ಹಿಡಿದು ಹೊಸೂರು ರಸ್ತೆ ಸೇರುವಷ್ಟರಲ್ಲಿ ಬಿಸಿಲೇರಿತ್ತು. 1973ರಲ್ಲಿ ಆರಂಭವಾದ ಕಿದ್ವಾಯಿಯ ಆವರಣದಲ್ಲಿ ಬೀದರಿನ ಮಾತು, ಮಂಗಳೂರಿನ ಮಾತು, ತೆಲುಗು, ತಮಿಳು ಎಲ್ಲ ಒಂದೇ ಸಾಲಿನಲ್ಲಿ ಕೇಳಿಸುತ್ತವೆ. ದೂರದವರು ತಂಗಲೆಂದು ಇನ್ಫೋಸಿಸ್ ಪ್ರತಿಷ್ಠಾನ ಕಟ್ಟಿಸಿದ ಧರ್ಮಶಾಲೆ ಇಲ್ಲಿದೆ. ಸರಗೂರಿನ ಮಗನಿಗೆ ಇದು ಗೊತ್ತಾದದ್ದು ಕರೆಂಟ್ ಕೊಡಿಸುವ ಕೊನೆಯ ವಾರದಲ್ಲಿ, ಪಕ್ಕದ ಬೆಂಚಿನ ಕಲಬುರಗಿಯವರಿಂದ. ಫಾರಂ ಬಗ್ಗೆ ಹೇಳಿದವರೂ ಅವರೇ ಅಂತೆ. ಯಾವ ನೆರವು ಎಲ್ಲಿದೆ ಎಂಬುದನ್ನು ಇಲ್ಲಿ ರೋಗಿಗಳೇ ಒಬ್ಬರಿಗೊಬ್ಬರು ದಾಟಿಸುತ್ತಾರೆ.

ಮಧ್ಯಾಹ್ನ ತಂದೆಯ ಚೆಕಪ್ ಮುಗಿಯಿತು. ಮೂರು ತಿಂಗಳು ಬಿಟ್ಟು ಬರಬೇಕು. ಮುಂದಿನ ಸಲ ಕಾವೇರಿ ಎಕ್ಸ್‌ಪ್ರೆಸ್ಸಿನ ಸ್ಲೀಪರಿನಲ್ಲಿ ಬರಬಹುದಲ್ಲ, ಅಪ್ಪನಿಗೆ ಪೂರ್ತಿ ಉಚಿತ, ಮಲಗಿಕೊಂಡೇ ಬರಬಹುದು ಎಂದೆ. ಮಗ ಅದನ್ನು ಆಗಲೇ ಯೋಚಿಸಿ ಬಿಟ್ಟಿದ್ದ.

‘ಅದು ಬೆಂಗ್ಳೂರಿಗೆ ಬರೋದು ನಡುರಾತ್ರಿ ಹತ್ರ ಸಾರ್. ಆಸ್ಪತ್ರೆಗೆ ಬಸ್ಸಿರಲ್ಲ, ಆಟೋದವ್ರು ಕೇಳೋದ್ ನಿಮಗ್ ಗೊತ್ತಲ್ಲ. ಕಾಲು ದುಡ್ಡು ಕೊಟ್ಟು ಬೆಳಗ್ಗೆ ಕೂತ್ಕೊಂಡ್ ಬರೋದೇ ಅಗ್ಗ.’