ಡಾಕ್ಟರರ ಮನೆಗೆ ಕವಿತೆಯ ಹೆಸರು

ರಾಯಚೂರಿನಲ್ಲಿ ವಿಳಾಸ ಹೇಳಬೇಕೆಂದರೆ ಮೊದಲು ಒಬ್ಬ ಡಾಕ್ಟರರನ್ನು ಹಿಡಿಯಬೇಕು. ‘ಡಾಕ್ಟ್ರ ಮನಿ ದಾಟಿ ಎಡಕ್ಕ ತಿರುಗ್ರಿ’ ಅಂದರೆ ಆಟೋದವನಿಗೆ ಸಾಕು. ಡಾಕ್ಟರರು ತೀರಿಹೋಗಿ, ಮಕ್ಕಳು ಅಮೆರಿಕ ಸೇರಿ, ಕೆಳಗೆ ಮೊಬೈಲ್ ಅಂಗಡಿ ಬಂದರೂ ಅದು ಡಾಕ್ಟ್ರ ಮನಿಯೇ.

ಮಾನ್ವಿಯ ಮೇಷ್ಟ್ರೊಬ್ಬರು ಎಂ.ಎ. ಓದಲು ಹೈದರಾಬಾದಿಗೆ ಹೋದಾಗ ಇದೇ ಲೆಕ್ಕ ಹಾಕಿದರು. ನಾಂಪಲ್ಲಿ ಸ್ಟೇಷನ್ ರಸ್ತೆಯಲ್ಲಿ ನಿಂತು ಡಾಕ್ಟರ್ ಗೋವಿಂದರಾಜುಲು ನಾಯ್ಡು ಅವರ ಮನೆ ಯಾವುದೆಂದು ಕೇಳಿದರು. ಯಾರಿಗೂ ಗೊತ್ತಿಲ್ಲ. ‘ಗೋಲ್ಡನ್ ಥ್ರೆಶೋಲ್ಡ್’ ಅಂದಕೂಡಲೇ ಪಾನ್ ಅಂಗಡಿಯವನು ಬೆರಳು ತೋರಿಸಿದ.

ಪಾಪ, ನಾಯ್ಡು ಸಾಧಾರಣ ವೈದ್ಯರೇನಲ್ಲ. ಎಡಿನ್‌ಬರೋದಲ್ಲಿ ಓದಿ ನಿಜಾಮರ ಸರ್ಕಾರದಲ್ಲಿ ಕೆಲಸ ಮಾಡಿದವರು. 1898ರಲ್ಲಿ ಜಾತಿ, ಭಾಷೆ ಎರಡನ್ನೂ ದಾಟಿ ಕವಯಿತ್ರಿ ಸರೋಜಿನಿಯವರನ್ನು ಮದುವೆಯಾದರು. ಮಾವ ಅಘೋರನಾಥ ಚಟ್ಟೋಪಾಧ್ಯಾಯರೂ ಎಡಿನ್‌ಬರೋದ ಡಾಕ್ಟರರೇ, ಆದರೆ ವಿಜ್ಞಾನದವರು. ಮುಂದೆ ನಿಜಾಮ್ ಕಾಲೇಜಾದ ಸಂಸ್ಥೆಯ ಮೊದಲ ಪ್ರಿನ್ಸಿಪಾಲರು. ನಾಯ್ಡು ಅವರ ಮಗ ಜಯಸೂರ್ಯ ಕೂಡ ಡಾಕ್ಟರು. ಮೂರು ತಲೆಮಾರಿನ ಡಾಕ್ಟರರಿದ್ದ ಮನೆತನ. ಮನೆಗೆ ಉಳಿದದ್ದು ಮಾತ್ರ 1905ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಸರೋಜಿನಿಯವರ ಕವನ ಸಂಕಲನದ ಹೆಸರು.

ನಿಜಾಮರ ರಾಜಧಾನಿಯ ಡಾಕ್ಟರರೆಂದರೆ ಗುಮ್ಮಟದ ಮಹಲೇ ಇರಬೇಕೆಂದು ಮೇಷ್ಟ್ರು ಎಣಿಸಿದ್ದರು. ಗುಮ್ಮಟಗಳೆಲ್ಲ ಆಸ್ಪತ್ರೆಯ ಪಾಲಾಗಿದ್ದವು: 1908ರ ಮೂಸಿ ಪ್ರವಾಹ ಹಳೆಯ ದವಾಖಾನೆಯನ್ನು ಕೆಡವಿದ ಮೇಲೆ, ವಾಸ್ತುಶಿಲ್ಪಿ ವಿನ್ಸೆಂಟ್ ಎಶ್ ನಕ್ಷೆಯಂತೆ ನದಿಯ ದಂಡೆಯಲ್ಲಿ ಎದ್ದ ಉಸ್ಮಾನಿಯಾ ಅದು. ರಾಯಚೂರು ಸೀಮೆಯಲ್ಲಿ ಕೈಬಿಟ್ಟ ರೋಗಿಗಳು ಅಲ್ಲಿಗೇ ಹೋಗುತ್ತಿದ್ದರು. ನಾಯ್ಡು ಅವರದು ಬಂಗಲೆ. ಬಂಗಾಳದ ಗುಡಿಸಿಲನ್ನು ಇಂಗ್ಲಿಷರು ಹಿಗ್ಗಿಸಿ ಮಾಡಿಕೊಂಡ ಮಾದರಿ ಅದು. ಚಟ್ಟೋಪಾಧ್ಯಾಯರ ಮಗಳು ಅದರೊಳಗೆ ಬಾಳಿದ್ದು ಒಪ್ಪುವ ಮಾತೇ.

ದೇವದುರ್ಗದಲ್ಲಿ ಮೇಷ್ಟ್ರ ಅಜ್ಜನ ವಾಡೆ ಇದಕ್ಕೆ ತದ್ವಿರುದ್ಧ. ಮೊಳಗಟ್ಟಲೆ ದಪ್ಪದ ಕಲ್ಲು ಮಣ್ಣಿನ ಗೋಡೆ, ಮರದ ಜಂತಿಯ ಮೇಲೆ ಮಣ್ಣಿನ ಮಾಳಿಗೆ. ಬೀದಿಗೆ ಒಂದು ಕಿಟಕಿಯೂ ಇಲ್ಲ. ಬೆಳಕು ಬರಬೇಕಾದರೆ ಮಾಳಿಗೆಯ ಬೆಳಕಿಂಡಿಯಿಂದಲೇ. ಏಪ್ರಿಲ್ ಬಿಸಿಲಿಗೆ ಅದಕ್ಕಿಂತ ಜಾಣ ಮನೆ ಇಲ್ಲ. ಆದರೆ ವಾಡೆ ಬೀದಿಗೆ ಬೆನ್ನು ಹಾಕಿ ಕೂರುತ್ತದೆ, ಬಂಗಲೆ ವರಾಂಡದಲ್ಲಿ ಕುರ್ಚಿ ಹಾಕಿ ಬಂದವರನ್ನು ಕೂರಿಸುತ್ತದೆ. ಗಾಂಧೀಜಿಯೂ ಬಂದು ಹೋದ ಮನೆಗೆ ಅಂಥ ವರಾಂಡ ಬೇಕೇ ಬೇಕು.

1974ರಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯ ಹುಟ್ಟಿದಾಗ ಅದಕ್ಕೆ ಸ್ವಂತ ಕಟ್ಟಡವಿರಲಿಲ್ಲ. ಸರೋಜಿನಿಯವರ ಮಗಳು ಪದ್ಮಜಾ ಈ ಮನೆಯನ್ನೇ ಕೊಟ್ಟರು. ಗಚ್ಚಿಬೌಲಿಯ ಬಯಲಿಗೆ ಹೋಗುವ ಮುಂಚೆ ಅದು ಅಂಬೆಗಾಲಿಟ್ಟದ್ದು ಇಲ್ಲಿಯೇ. 2012ರಲ್ಲಿ ವಿಶ್ವವಿದ್ಯಾಲಯದ ರಂಗಘಟಕವೂ ಇಲ್ಲಿ ನೆಲೆಯೂರಿತು.

ಊರಿಗೆ ಮರಳಿ ಮನೆ ಕಟ್ಟಿಸುವಾಗ ಮೇಷ್ಟ್ರು ಮುಂದೊಂದು ವರಾಂಡ ಬೇಕೆಂದರು. ಗೌಂಡಿ ಒಪ್ಪಲಿಲ್ಲ. ‘ವರಾಂಡ ಯಾಕ್ರಿ ಸರ? ಎರಡು ಶಟರ್ ಹಾಕಿಸ್ರಿ, ಬಾಡಿಗಿ ಬರ್ತದ. ಒಂದ್ರಾಗ ಡಾಕ್ಟ್ರಿಗೆ ಕೊಡ್ರಿ.’