ಅಳತೆಯ ಸೀಮೆಯಾಚೆಗೆ

2024ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ನಾವು ಸಪತ್ನೀಕರಾಗಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳಿಗೆ ಹೋಗಿ, ಜಾರ್ಜಿಯಾ ಪ್ರಾಂತದ ಅಟ್ಲಾಂಟಾ ನಗರದಲ್ಲಿ ಮಗಳ ಮನೆಯಲ್ಲಿ ಕೆಲವು ವಾರ ಇದ್ದೆವು. ಆ ನಾಡಿನ ಸೌಧಗಳನ್ನೂ ಹೆದ್ದಾರಿಗಳನ್ನೂ ವರ್ಣಿಸಿದವರು ಬಹುಮಂದಿ ಇರುವುದರಿಂದ ಆ ಕೆಲಸಕ್ಕೆ ನಾವು ಕೈ ಹಾಕುವುದಿಲ್ಲ. ಕಣ್ಣಿಗೆ ಕಾಣದಿದ್ದರೂ ಅಲ್ಲಿನ ಎಷ್ಟೋ ಮನೆಗಳಲ್ಲಿ ಹಗಲಿರುಳು ನಡೆಯುವ ಒಂದು ಅಳತೆಯ ವಿಷಯವನ್ನೂ, ಅದರ ದೆಸೆಯಿಂದ ನಾವು ನಮ್ಮ ಅಣ್ಣನವರಿಗೆ ಮಾಡಿದ ಒಂದು ಅಪಚಾರವನ್ನೂ ವಾಚಕರಿಗೆ ತಿಳಿಸುವುದೇ ಇಲ್ಲಿನ ಉದ್ದೇಶ.

ಮಗಳ ಮನೆ ಪಟ್ಟಣದ ಉತ್ತರಕ್ಕೆ, ಚಾಟಹೂಚಿ ನದಿಯಿಂದ ಸ್ವಲ್ಪ ದೂರದಲ್ಲಿದೆ. ನಾವು ಇಳಿದಾಗ ವಸಂತಕಾಲ. ಪೈನ್ ಮರಗಳ ಪರಾಗವು ಉದುರಿ ಮೋಟಾರುಗಳ ಮೇಲೆಯೂ ಕಿಟಕಿಯ ಅಂಚುಗಳಲ್ಲಿಯೂ ಅರಿಸಿನದ ಪುಡಿ ಚೆಲ್ಲಿದ ಹಾಗೆ ಕುಳಿತಿತ್ತು. ಅಗೆದ ಕಡೆಯಲ್ಲೆಲ್ಲ ನೆಲವು ನಮ್ಮ ಮಲೆನಾಡಿನಂತೆಯೇ ಕೆಂಪು. ನಮ್ಮ ಮನೆಯವರು ಮೊದಲ ದಿನವೇ ಆ ಮಣ್ಣನ್ನು ಬೆರಳಿನಿಂದ ಉಜ್ಜಿ ನೋಡಿ, “ಇದು ತೀರ್ಥಹಳ್ಳಿಯ ಮಣ್ಣೇ ಸರಿ” ಎಂದರು. ಪೀಚ್ ಮರದ ಹೆಸರನ್ನು ಹೊತ್ತ ಬೀದಿಗಳು ಆ ಊರಿನಲ್ಲಿ ಲೆಕ್ಕವಿಲ್ಲದಷ್ಟು. ಪೀಚ್ ಮರ ಮಾತ್ರ ನಮಗೆ ಒಂದೂ ಕಾಣಲಿಲ್ಲ.

ನಮ್ಮ ಹಿರಿಯಣ್ಣನವರು ತೀರ್ಥಹಳ್ಳಿಯ ಕಡೆಯ ನಮ್ಮ ಹುಟ್ಟೂರಿನಲ್ಲಿದ್ದಾರೆ. ಕೆಲವು ವರ್ಷಗಳಿಂದ ಅವರ ಕಣ್ಣಿಗೆ ಅಕ್ಷರ ಕೂಡುವುದಿಲ್ಲ. ಎದುರಿಗಿರುವವರ ಮುಖ ಮಾತ್ರ ಮಸುಕಾಗಿ ಕಾಣುತ್ತದೆ. ನಾವು ಕೆಲಸದಿಂದ ನಿವೃತ್ತರಾದ ಮೇಲೆ ದಿನವೂ ಸಂಜೆ ದೀಪ ಹಚ್ಚಿದ ಬಳಿಕ ಒಂದು ಗಂಟೆಯ ಕಾಲ ಅವರಿಗೆ ಭಾರತವನ್ನು ವಾಚಿಸಿ ಕೇಳಿಸುವುದು ಪದ್ಧತಿಯಾಯಿತು. ಪ್ರವಾಸಕ್ಕೆ ಹೊರಡುವಾಗ ಈ ಪದ್ಧತಿ ತಪ್ಪುವುದಲ್ಲಾ ಎಂದು ಅವರು ಸಂಕಟಪಟ್ಟರು. ಅಟ್ಲಾಂಟಾದಲ್ಲಿ ಬೆಳಗ್ಗೆ ಒಂಬತ್ತು ಗಂಟೆಯಾದರೆ ನಮ್ಮೂರಿನಲ್ಲಿ ಸಂಜೆ ಆರೂವರೆ. ಆದುದರಿಂದ ಅಲ್ಲಿಂದಲೇ ಮುಖ ತೋರಿಸಿ ಓದುವೆವೆಂದು ಮಾತು ಕೊಟ್ಟು ಹೊರಟೆವು. ಅಣ್ಣನವರ ಮನೆಯ ದೂರದರ್ಶನದ ಪೆಟ್ಟಿಗೆಯಲ್ಲಿ ನಮ್ಮ ಮುಖ ದೊಡ್ಡದಾಗಿ ಮೂಡುವಂತೆ ಅವರ ಸೊಸೆ ಏರ್ಪಾಡು ಮಾಡಿದ್ದಳು.

ಮೊದಲ ವಾರ ಎಲ್ಲವೂ ನಿರ್ವಿಘ್ನವಾಗಿ ನಡೆಯಿತು. ಒಂದು ರಾತ್ರಿ ಊಟದ ಹೊತ್ತಿನಲ್ಲಿ ಅಳಿಯಂದಿರ ಫೋನಿಗೆ ಏನೋ ಸೂಚನೆ ಬಂತು. ಅವರು ಅದನ್ನು ನೋಡಿ ಮಗಳಿಗೆ, “ಈ ತಿಂಗಳ ಡೇಟಾ ಆಗಲೇ ಮುಕ್ಕಾಲು ಭಾಗ ಮುಗಿದಿದೆ, ಇನ್ನೂ ಹನ್ನೆರಡು ದಿನ ಇದೆ” ಎಂದರು. ಅದು ನಮ್ಮನ್ನು ಕುರಿತ ಮಾತಲ್ಲ. ಆದರೂ ನಮ್ಮ ಕೈಯ ತುತ್ತು ಅಲ್ಲಿಯೇ ನಿಂತಿತು.

ಆ ಮನೆಗೆ ಇಂಟರ್‌ನೆಟ್ ಬರುತ್ತಿದ್ದುದು ಕೇಬಲ್ ಕಂಪೆನಿಯ ತಂತಿಯ ಮೂಲಕ. ಗಾಜಿನ ನೂಲಿನ ತಂತಿ, ಎಂದರೆ ಫೈಬರ್, ಅವರ ಬೀದಿಯ ತನಕ ಇನ್ನೂ ಬಂದಿರಲಿಲ್ಲ. ತಿಂಗಳಿಗೆ 1.2 ಟೆರಾಬೈಟ್, ಸುಮಾರಾಗಿ 1200 ಗಿಗಾಬೈಟ್, ಆ ಮನೆಗೆ ಗೊತ್ತುಪಡಿಸಿದ ಪ್ರಮಾಣ. ಅದನ್ನು ಮೀರಿದರೆ ಪ್ರತಿ 50 ಗಿಗಾಬೈಟಿಗೆ 10 ಡಾಲರು ದಂಡ. ಈ ದಂಡ ತಿಂಗಳಿಗೆ 100 ಡಾಲರಿಗಿಂತ ಹೆಚ್ಚಾಗದು. ಅಳತೆಯ ಗೊಡವೆಯೇ ಬೇಡವೆನ್ನುವವರು ತಿಂಗಳಿಗೆ 30 ಡಾಲರನ್ನು ಪ್ರತ್ಯೇಕವಾಗಿ ತೆರಬಹುದು. ನಮ್ಮ ರೂಪಾಯಿಯಲ್ಲಿ ಆಗ ಅದು ಎರಡೂವರೆ ಸಾವಿರದ ಸಮೀಪ. ಊರಿನಲ್ಲಿ ಇಡೀ ತಿಂಗಳ ಇಂಟರ್‌ನೆಟ್ಟಿಗೆ ನಾವು ಕೊಡುವುದು ಐನೂರು ರೂಪಾಯಿ ಚಿಲ್ಲರೆ. ಇದನ್ನೆಲ್ಲ ಕೇಳಿ ತಿಳಿದುಕೊಂಡಾಗ ನಮಗೆ ನಿದ್ರೆ ಬರಲಿಲ್ಲ.

ಮರುದಿನದಿಂದ ವಾಚನವನ್ನು ಅರ್ಧ ಗಂಟೆಗೆ ಇಳಿಸಿದೆವು. ಎರಡು ದಿನ ಕಳೆದ ಮೇಲೆ ಕಾಲು ಗಂಟೆಗೆ. ಆಮೇಲೆ, ಚಿತ್ರಕ್ಕೇ ಡೇಟಾ ಹೆಚ್ಚು ಬೇಕೆಂದು ಮೊಮ್ಮಗನಿಂದ ಕೇಳಿ ತಿಳಿದು, ಮುಖವನ್ನು ಮುಚ್ಚಿ ಧ್ವನಿಯನ್ನು ಮಾತ್ರ ಕಳುಹಿಸತೊಡಗಿದೆವು. ಮಗಳಿಗೆ ಇದಾವುದೂ ತಿಳಿಯದು. ಹೆಣ್ಣು ಕೊಟ್ಟ ಮನೆಯಲ್ಲಿ ಖರ್ಚಿನ ಮಾತೆತ್ತುವುದು ನಮ್ಮ ಕಾಲದವರಿಗೆ ಆಗದ ಕೆಲಸ. ನಾಲ್ಕನೆಯ ದಿನ ಅಣ್ಣನವರು ಓದಿನ ನಡುವೆ, “ತಮ್ಮಾ, ನಿನ್ನ ಮುಖ ಕಾಣಿಸುತ್ತಿಲ್ಲ. ಇಷ್ಟು ದಿನ ಕಾಣುತ್ತಿದ್ದುದೂ ಹೋಯಿತೆ?” ಎಂದು ಕೇಳಿದರು. ತಮ್ಮ ಕಣ್ಣೇ ಪೂರ್ತಿಯಾಗಿ ಹೋಯಿತೆಂದು ಅವರು ಭಾವಿಸಿದ್ದರು. ನಾವು, “ಇಲ್ಲಿನ ಯಂತ್ರ ಕೆಟ್ಟಿದೆ ಅಣ್ಣಾ” ಎಂದು ಸುಳ್ಳಾಡಿದೆವು. ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಸತ್ಯವನ್ನು ನುಡಿಯಿರೆಂದು ಪಾಠ ಹೇಳಿದ ಬಾಯಿ ಅದು.

ಆ ಮಾತು ಮಗಳ ಕಿವಿಗೆ ಬಿತ್ತು. ಅವಳು ಬಂದು ವಿಷಯವನ್ನೆಲ್ಲ ಹೊರಡಿಸಿ, ನಗಬೇಕೋ ಅಳಬೇಕೋ ತಿಳಿಯದೆ, ಒಂದು ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದಳು. ಮುಖ ನೋಡುತ್ತ ಒಂದು ಗಂಟೆ ಮಾತನಾಡಿದರೆ ಸುಮಾರಾಗಿ ಒಂದು ಗಿಗಾಬೈಟ್ ವೆಚ್ಚ. ತಿಂಗಳೆಲ್ಲ ಓದಿದರೂ ಮೂವತ್ತು. ಎಂದರೆ 1200ರಲ್ಲಿ ನಲವತ್ತನೆಯ ಒಂದು ಪಾಲು. ಅತಿ ಸ್ಪಷ್ಟವಾದ ದೊಡ್ಡ ಚಿತ್ರದಲ್ಲಿ ಸಿನೆಮಾ ನೋಡಿದರೆ ಗಂಟೆಗೆ ಏಳು ಗಿಗಾಬೈಟಿನ ವರೆಗೆ ಬೇಕಾಗುತ್ತದೆ. ಬಾಗಿಲಿನ ಮೇಲಿನ ಕಾವಲು ಕ್ಯಾಮರಾಗಳು ಕಳುಹಿಸುವುದೂ ಲೆಕ್ಕಕ್ಕೆ ಸೇರುತ್ತದೆ. ಬರುವುದಕ್ಕೂ ಹೋಗುವುದಕ್ಕೂ ಒಂದೇ ಸುಂಕ. ಇನ್ನು ನಮ್ಮ ಮೊಮ್ಮಗ ಹಿಂದಿನ ಶನಿವಾರ ಮಧ್ಯಾಹ್ನ ಇಳಿಸಿಕೊಂಡ ಒಂದೇ ಆಟ 100 ಗಿಗಾಬೈಟಿಗೂ ಮಿಗಿಲಾದದ್ದು. “ಅಪ್ಪಾ, ಅವನ ಒಂದು ಮಧ್ಯಾಹ್ನದಲ್ಲಿ ನೀವು ಮೂರು ತಿಂಗಳು ಭಾರತ ಓದಬಹುದು” ಎಂದಳು. ತಪ್ಪು ನಮ್ಮದೇ. ಆದರೂ ಪ್ರಮಾಣವನ್ನು ಹೇಳಿ, ಯಾವ ಕೆಲಸಕ್ಕೆ ಎಷ್ಟು ಹಿಡಿಯುತ್ತದೆಂಬುದನ್ನು ಹೇಳದೆ ಬಿಟ್ಟರೆ, ಸಂಕೋಚದ ಸ್ವಭಾವದವರು ಹೀಗೆಯೇ ಹೆದರಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಧಾರಾಳಿಗಳು ಏನನ್ನೂ ಲೆಕ್ಕಿಸುವುದಿಲ್ಲ.

ಲೆಕ್ಕದ ಕಾಗದ ಕೈಯಲ್ಲಿದ್ದುದರಿಂದ ನಾವೂ ಒಂದು ಲೆಕ್ಕ ಮಾಡಿದೆವು. ಸೆಕೆಂಡಿಗೆ ಒಂದು ಗಿಗಾಬಿಟ್ ವೇಗವೆಂದು ಆ ನಾಡಿನಲ್ಲಿ ಎಲ್ಲೆಲ್ಲಿಯೂ ಜಾಹೀರಾತು. ಎಂಟು ಬಿಟ್ಟಿಗೆ ಒಂದು ಬೈಟು. ಆ ವೇಗವನ್ನು ಒಬ್ಬನು ಪೂರ್ತಿಯಾಗಿ ಉಪಯೋಗಿಸಿದರೆ 1200 ಗಿಗಾಬೈಟ್ ಮುಗಿಯಲು 9600 ಸೆಕೆಂಡು ಸಾಕು. ಎಂದರೆ ಎರಡು ಗಂಟೆ ನಲವತ್ತು ನಿಮಿಷ! ತಿಂಗಳ ಪಡಿಯನ್ನು ಒಂದು ಮಧ್ಯಾಹ್ನದ ನಿದ್ರೆಯೊಳಗೆ ಮುಗಿಸಬಲ್ಲ ವೇಗವನ್ನು ಮಾರುವುದು. ಮಾರಿದ ಮೇಲೆ ಮೆಲ್ಲಗೆ ನಡೆಯಿರೆನ್ನುವುದು.

ಆ ಏಪ್ರಿಲ್ 10ರಿಂದಲೇ ಅಮೆರಿಕಾ ಸರಕಾರದ ಸಂಪರ್ಕ ಆಯೋಗವು ದೊಡ್ಡ ಕಂಪೆನಿಗಳಿಗೆ ಒಂದು ನಿಯಮವನ್ನು ವಿಧಿಸಿತ್ತು. ತಿಂಡಿಯ ಡಬ್ಬಿಗಳ ಮೇಲೆ ಸಕ್ಕರೆ ಎಷ್ಟು, ಉಪ್ಪು ಎಷ್ಟು ಎಂದು ಚೌಕದಲ್ಲಿ ಅಚ್ಚು ಹಾಕಿರುತ್ತಾರಷ್ಟೆ. ಅದೇ ರೀತಿಯಲ್ಲಿ ತಿಂಗಳ ಬೆಲೆ, ವೇಗ, ಡೇಟಾದ ಪ್ರಮಾಣ, ಮೀರಿದರೆ ತೆರಬೇಕಾದ ಹಣ, ಇವುಗಳನ್ನು ಒಂದು ಚೀಟಿಯಲ್ಲಿ ಗಿರಾಕಿಗೆ ತೋರಿಸಬೇಕು. ಅಳಿಯಂದಿರು ಆ ಚೀಟಿಯನ್ನು ತೆಗೆದು ತೋರಿಸಿದರು. ನಮಗೆ ಅದು ಬಹಳ ಮೆಚ್ಚಿಗೆಯಾಯಿತು. ನಮ್ಮಲ್ಲಿಯೂ ಮಿತಿ ಇಲ್ಲದಿಲ್ಲ. ‘ಅನ್‌ಲಿಮಿಟೆಡ್’ ಎಂದು ದಪ್ಪಕ್ಷರದಲ್ಲಿ ಬರೆದು, ತಿಂಗಳಿಗೆ 3300 ಗಿಗಾಬೈಟ್ ಆದ ಮೇಲೆ ವೇಗವನ್ನು ಇಳಿಸಲಾಗುವುದೆಂದು ಇರುವೆಯಂಥ ಅಕ್ಷರದಲ್ಲಿ ಬರೆದಿರುತ್ತಾರೆ. ಆದರೆ ಹೆಚ್ಚಿನ ಹಣ ಕೇಳುವುದಿಲ್ಲ. ಬಂಡಿ ನಿಧಾನವಾಗುತ್ತದೆ, ಅಷ್ಟೆ. ಮಿತ, ಅಮಿತ, ಪ್ರಮಾಣ, ಮಾತ್ರೆ, ಇವೆಲ್ಲವೂ ಅಳೆಯುವುದೆಂಬ ಅರ್ಥದ ‘ಮಾ’ ಧಾತುವಿನಿಂದ ಹುಟ್ಟಿದ ಶಬ್ದಗಳು. ಮಾಯೆ ಎಂಬುದನ್ನೂ ಕೆಲವರು ಅದೇ ಧಾತುವಿನಿಂದ ಸಾಧಿಸುತ್ತಾರೆ. ಆ ಜಾಹೀರಾತುಗಳನ್ನು ನೋಡಿದ ಮೇಲೆ ಅವರೊಡನೆ ವಾದ ಮಾಡುವ ಇಚ್ಛೆ ನಮಗಿಲ್ಲ.

ಮೇ ತಿಂಗಳಲ್ಲಿ ನ್ಯೂಜೆರ್ಸಿಗೆ ಪ್ರಯಾಣ. ಅಣ್ಣನವರ ಕಿರಿಯ ಮಗ ಪ್ರಿನ್ಸ್‌ಟನ್ ಸಮೀಪದಲ್ಲಿ ಸಂಸಾರಸ್ಥನಾಗಿದ್ದಾನೆ. ವಿಮಾನದಲ್ಲಿ ಎರಡು ಗಂಟೆಯ ದಾರಿಯಾದರೂ ನಾಡನ್ನು ನೋಡುವ ಆಸೆಯಿಂದ ‘ಕ್ರೆಸೆಂಟ್’ ಎಂಬ ರೈಲನ್ನು ಹಿಡಿದೆವು. ಅಷ್ಟು ದೊಡ್ಡ ಅಟ್ಲಾಂಟಾ ಪಟ್ಟಣಕ್ಕೆ 1918ರಲ್ಲಿ ಕಟ್ಟಿದ ಒಂದು ಪುಟ್ಟ ಇಟ್ಟಿಗೆಯ ನಿಲ್ದಾಣ. ದಿನಕ್ಕೆ ಆ ಕಡೆಗೊಂದು, ಈ ಕಡೆಗೊಂದು ರೈಲು. ನಮ್ಮ ಬೀರೂರು ಜಂಕ್ಷನ್ನು ಇದಕ್ಕಿಂತ ಗೆಲುವಾಗಿದೆ. ರಾತ್ರಿ ಹೊರಟು, ಬೆಳಕು ಹರಿದಾಗ ಉತ್ತರ ಕೆರೊಲೈನಾದಲ್ಲಿದ್ದೆವು, ಬಳಿಕ ವರ್ಜೀನಿಯಾ. ಎಡಗಡೆ ದೂರದಲ್ಲಿ ನೀಲಿಯ ಬೆಟ್ಟಸಾಲು, ಹಸುರು ಗೋಮಾಳಗಳು, ಹಸುಗಳು. ಯಾವ ಸುಂಕದ ಕಟ್ಟೆಯೂ ಕಾಣಲಿಲ್ಲ. ಆದರೆ ಇಲ್ಲಿಯೇ ಎಲ್ಲಿಯೋ ಆ ಅಳತೆಯ ಸೀಮೆ ಮುಗಿಯುತ್ತದೆಂದು ಅಳಿಯಂದಿರು ಹೇಳಿದ್ದರು.

ಅದರ ಕಥೆ ಹೀಗೆ. ಅಮೆರಿಕಾದ ಬಹು ದೊಡ್ಡ ಕೇಬಲ್ ಕಂಪೆನಿಯಾದ ಕಾಮ್‌ಕಾಸ್ಟ್ 2008ರಲ್ಲಿ ತಿಂಗಳಿಗೆ 250 ಗಿಗಾಬೈಟಿನ ಮಿತಿಯನ್ನಿಟ್ಟು, 2012ರಲ್ಲಿ ಅದನ್ನು ತಡೆಹಿಡಿದು, ಆಮೇಲೆ ಕೆಲವು ಊರುಗಳಲ್ಲಿ 300 ಗಿಗಾಬೈಟಿನ ಪರೀಕ್ಷೆ ನಡೆಸಿತು. 2013ರ ಕೊನೆಗೆ ಅಟ್ಲಾಂಟಾ ಆ ಪರೀಕ್ಷೆಗೆ ಸೇರಿತು. 2016ರಲ್ಲಿ ಮಿತಿ ಒಂದು ಟೆರಾಬೈಟ್, 2020ರಲ್ಲಿ 1.2 ಆಯಿತು. ಆದರೆ ವರ್ಜೀನಿಯಾದಿಂದ ಮೇನ್ ಪ್ರಾಂತದ ವರೆಗಿನ ಈಶಾನ್ಯ ಭಾಗದಲ್ಲಿ ಅದೇ ಕಂಪೆನಿ, ಅದೇ ಬಗೆಯ ತಂತಿ. ಅಲ್ಲಿ ದಂಡದ ಅಳತೆ ಇಲ್ಲ. ಆ ಭಾಗದ ಅನೇಕ ಊರುಗಳಲ್ಲಿ ವೆರೈಜನ್ ಕಂಪೆನಿಯ ಫೈಬರ್ ಮನೆಮನೆಗೆ ಬಂದಿದೆ, ಅದಕ್ಕೆ ಮಿತಿಯಿಲ್ಲ. ಇದೇ ಕಾರಣವೆಂದು ಬಹುಜನರ ಅಭಿಪ್ರಾಯ. 2021ರ ಆರಂಭದಲ್ಲಿ ಈಶಾನ್ಯಕ್ಕೂ ಅಳತೆಯನ್ನು ತರಲು ಕಂಪೆನಿ ಹೊರಟಿತು. ರೋಗದ ಭಯದಿಂದ ಮಕ್ಕಳು ಮನೆಯಲ್ಲಿಯೇ ಕುಳಿತು ಪಾಠ ಕೇಳುತ್ತಿದ್ದ ಕಾಲ. ಮಸಾಚುಸೆಟ್ಸಿನ ಶಾಸಕರು ವಿರೋಧಿಸಿದರು. ಪೆನ್ಸಿಲ್ವೇನಿಯಾದ ಅಂದಿನ ಅಟಾರ್ನಿ ಜನರಲ್ ಜೋಶ್ ಶಪೀರೋ ಅವರೂ ಮಧ್ಯೆ ಬಂದರು. ಕಂಪೆನಿ ಮೊದಲು ಮುಂದೂಡಿ, ಕೊನೆಗೆ ಕೈಬಿಟ್ಟಿತು.

ಟ್ರೆಂಟನ್ ನಿಲ್ದಾಣದಲ್ಲಿ ಅಣ್ಣನ ಮಗ ಬಂದು ಕರೆದುಕೊಂಡು ಹೋದನು. ಅವನ ಮನೆಯಲ್ಲಿಯೂ ಕೇಬಲ್ ತಂತಿಯೇ. ನಾವು ಹೋದ ಕೂಡಲೇ ಕೇಳಿದ್ದು ಅಳತೆಯ ಮಾತು. ಅವನು ನಕ್ಕು, “ಚಿಕ್ಕಪ್ಪಾ, ಇಲ್ಲಿ ಯಾರೂ ಅಳೆಯುವುದಿಲ್ಲ. ಅಳೆದರೆ ನಾನು ನಾಳೆಯೇ ಪಕ್ಕದ ತಂತಿಗೆ ಹೋಗುತ್ತೇನೆ, ಅವರಿಗೂ ಅದು ಗೊತ್ತು” ಎಂದನು. ಅವನು ತೆರುತ್ತಿದ್ದ ಹಣಕ್ಕೂ ಮಗಳ ಮನೆಯ ಹಣಕ್ಕೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ.

ಕಂಪೆನಿಯ ಪಕ್ಷದಲ್ಲಿ ಹೇಳತಕ್ಕದ್ದೂ ಉಂಟು. ನೂರಕ್ಕೆ 95 ಮಂದಿ ಮಿತಿಯನ್ನು ಮುಟ್ಟುವುದೇ ಇಲ್ಲ, ಬಹಳ ಬಳಸುವವನು ಹೆಚ್ಚು ಕೊಡುವುದು ನ್ಯಾಯ ಎಂದು ಅವರ ವಾದ. ನೀರಿನ ವಿಷಯದಲ್ಲಾದರೆ ನಾವೂ ಒಪ್ಪುತ್ತಿದ್ದೆವು. ಕೆರೆಯಿಂದ ಒಬ್ಬನು ತೆಗೆದ ನೀರು ಇನ್ನೊಬ್ಬನಿಗೆ ಇಲ್ಲ. ಡೇಟಾ ಹಾಗಲ್ಲ. ಹೋದದ್ದರಿಂದ ಏನೂ ಬರಿದಾಗದು. ತಂತಿಯನ್ನು ಹಾಸುವುದಕ್ಕೇ ಮುಖ್ಯವಾದ ಖರ್ಚು; ಹಾಸಿದ ಮೇಲೆ ಇನ್ನೊಂದು ಗಿಗಾಬೈಟ್ ಸಾಗಿಸುವುದಕ್ಕೆ ತಗಲುವುದು ಅತ್ಯಲ್ಪ. ಇಕ್ಕಟ್ಟಾಗುವುದು ಸಂಜೆ ಎಲ್ಲರೂ ಒಟ್ಟಿಗೆ ಕಾಲುವೆಗೆ ಬಾಯಿ ಹಾಕಿದಾಗ. ನಮ್ಮ ಊರುಗಳ ನೀರುಗಂಟಿ ಹೊತ್ತು ನೋಡಿ, ಸರದಿ ನೋಡಿ ತೂಬು ತೆಗೆಯುತ್ತಿದ್ದನು. ನಡುರಾತ್ರಿ ಯಾರೂ ಇಲ್ಲದಾಗ ಹರಿದ ನೀರನ್ನೂ ಸೇರಿಸಿ ತಿಂಗಳ ಕೊನೆಗೆ ದಂಡ ಹಾಕುತ್ತಿರಲಿಲ್ಲ. 2020ರ ಮಾರ್ಚಿಯಿಂದ ಜೂನ್ 30ರ ವರೆಗೆ, ಜನರೆಲ್ಲ ಮನೆಯೊಳಗಿದ್ದಾಗ, ಕಾಮ್‌ಕಾಸ್ಟ್ ತಾನಾಗಿಯೇ ಮಿತಿಯನ್ನು ತೆಗೆದಿಟ್ಟಿತ್ತು. ಎಂದಿಗಿಂತ ಹೆಚ್ಚು ಬಳಕೆಯಾದರೂ ಆ ಜಾಲ ಕುಸಿಯಲಿಲ್ಲ. ಜುಲೈ 1ರಿಂದ ಅಳತೆ ಮರಳಿ ಬಂತು.

ಪ್ರಿನ್ಸ್‌ಟನ್ನಿನಲ್ಲಿ ಐನ್‌ಸ್ಟೈನರು ವಾಸವಾಗಿದ್ದ ಬೀದಿಯನ್ನು ನೋಡಿದೆವು. ವಿಶ್ವವಿದ್ಯಾಲಯದ ಮರಗಳ ನೆರಳಿನಲ್ಲಿ ಕುಳಿತೆವು. ಆದರೆ ಆ ಹತ್ತು ದಿನಗಳಲ್ಲಿ ನಮಗೆ ಹಿತವಾದದ್ದು ಬೆಳಗಿನ ವಾಚನವೇ. ಮುಖ ತೆರೆದು, ಗಡಿಯಾರವನ್ನು ಆಚೆಗಿಟ್ಟು ಓದಿದೆವು. ಮಗನ ಮನೆಯನ್ನು ತೋರಿಸೆಂದು ಅಣ್ಣನವರು ಕೇಳಿದರು. ಅಡಿಗೆಮನೆಯಿಂದ ಹಿತ್ತಿಲಿನ ವರೆಗೆ ಫೋನನ್ನು ಹಿಡಿದು ನಡೆದೆವು. ಅವರಿಗೆ ಎಷ್ಟು ಕಂಡಿತೋ ತಿಳಿಯದು. ‘ಯಂತ್ರ ಕೆಟ್ಟಿತ್ತು’ ಎಂದುದು ಸುಳ್ಳೆಂದು ಅಲ್ಲಿಯೇ ಒಪ್ಪಿಕೊಂಡೆವು. “ನನಗೆ ಆಗಲೇ ಗೊತ್ತಿತ್ತು, ಸುಳ್ಳು ಹೇಳುವಾಗ ನಿನ್ನ ಸ್ವರ ಏರುತ್ತದೆ” ಎಂದರು.

ಮರುವರ್ಷ, 2025ರ ಜೂನ್ ಕೊನೆಯಲ್ಲಿ, ಕಾಮ್‌ಕಾಸ್ಟ್ ತನ್ನ ಹೊಸ ಯೋಜನೆಗಳಲ್ಲಿ ದೇಶದಾದ್ಯಂತ ಅಳತೆಯನ್ನು ಬಿಟ್ಟುಕೊಟ್ಟಿತು. ಹಳೆಯ ಯೋಜನೆಯವರು ಹೊಸದಕ್ಕೆ ಬದಲಾಯಿಸಿಕೊಳ್ಳಬೇಕು. ಅದಕ್ಕೆ ಹಿಂದಿನ ಎರಡು ವರ್ಷಗಳಿಂದಲೂ ಅದರ ಗಿರಾಕಿಗಳು ಫೈಬರಿಗೂ, ಫೋನ್ ಕಂಪೆನಿಗಳ ತಂತಿಯಿಲ್ಲದ ಇಂಟರ್‌ನೆಟ್ಟಿಗೂ ಹೊರಟು ಹೋಗುತ್ತಿದ್ದರು. ಮಗಳ ಮನೆಯಲ್ಲಿಯೂ ಈಗ ಅಳತೆಯಿಲ್ಲ. ಇದನ್ನು ತಿಳಿಸಲು ಅವಳು ಕರೆದಾಗ ನಾವು ಹುಟ್ಟೂರಿನಲ್ಲಿ ಅಣ್ಣನವರ ಎದುರಿಗೇ ಕುಳಿತು ಓದುತ್ತಿದ್ದೆವು. ಮೊಮ್ಮಗನೂ ಕೇಳುವೆನೆಂದು ಕುಳಿತನು. ಅಣ್ಣನವರು, “ಅಳತೆ ಹೋಯಿತಷ್ಟೆ? ಹಾಗಾದರೆ ಇಂದು ಒಂದು ಸಂಧಿ ಹೆಚ್ಚಾಗಲಿ” ಎಂದರು. ಹೊರಗೆ ಆಷಾಢದ ಮಳೆ. ಹತ್ತು ಷಟ್ಪದಿ ಆಗುವಷ್ಟರಲ್ಲಿ ಎಲ್ಲಿಯೋ ತಂತಿಯ ಮೇಲೆ ಅಡಕೆಮರ ಬಿದ್ದು, ಮೊಮ್ಮಗನ ಮುಖ ಪರದೆಯ ಮೇಲೆ ಬಾಯಿ ತೆರೆದುಕೊಂಡೇ ನಿಂತುಬಿಟ್ಟಿತು. ನಾವು ಪುಸ್ತಕವನ್ನು ಕೆಳಗಿಡಲು ಹೋದಾಗ ಅಣ್ಣನವರು, “ನೀನು ಇಲ್ಲಿಯೇ ಇದ್ದೀಯಲ್ಲ, ಓದು” ಎಂದರು.