ಒಂದೊಂದಾಗಿ ತುಂಬುತ್ತಿದ್ದ ಚೌಕಗಳು

ಕ್ಯಾಮೆರಾ ಫೋಟೋಗೆ ಇಡುವ ಹೆಸರು ಬರೀ ನಂಬರು. ‘ಡಿಎಸ್‌ಸಿ 00412’ ಅಂದರೆ ಸೂಡಿಯ ನಾಗಕುಂಡವೋ, ರೋಣದ ಯಾವುದೋ ಮದುವೆಯ ಅಕ್ಕಿಕಾಳೋ, ತೆಗೆದವನಿಗೂ ನೆನಪಿರುವುದಿಲ್ಲ. ಗಜೇಂದ್ರಗಡದಲ್ಲಿ ನನ್ನ ಗೆಳೆಯನ ಸ್ಟುಡಿಯೋಗೆ ಡಿಜಿಟಲ್ ಕ್ಯಾಮೆರಾ ಬಂದ ಹೊಸತರಲ್ಲಿ ಈ ತೊಡಕು ಬಿಡಿಸಿದ್ದು ವಿಂಡೋಸ್ ಎಕ್ಸ್‌ಪಿ. 2001ರಲ್ಲೇ ಬಿಡುಗಡೆಯಾಗಿದ್ದರೂ ನಮ್ಮ ಕಡೆ ಬರಲು ತುಸು ತಡವಾಯಿತು. ಫೋಲ್ಡರ್ ತೆಗೆದು ‘ಥಂಬ್‌ನೇಲ್ಸ್’ ಒತ್ತಿದರೆ ಮೊದಲು ಖಾಲಿ ಚೌಕಗಳ ಸಾಲು. ಆಮೇಲೆ ಒಂದೊಂದರಲ್ಲೇ ಚಿತ್ರ ಮೂಡುತ್ತಿತ್ತು.

ಮೂಡುವುದು ಬಲು ನಿಧಾನ. ರ‍್ಯಾಮ್ ಕಡಿಮೆ, ಫೋಟೋ ನೂರಾರು. ನಮ್ಮ ಮಾತೆಲ್ಲ ನಡೆದದ್ದು ಆ ಹೊತ್ತಿನಲ್ಲೇ. ರವಿವಾರ ಬೈಕ್ ಮೇಲೆ ಗುಡಿ ಗುಂಡಾರ ಸುತ್ತಿ ಬಂದು, ಕಾರ್ಡ್ ಹಾಕಿ, ಇಬ್ಬರೂ ಒಂದೇ ಬೆಂಚಿನ ಮೇಲೆ ಕೂಡುತ್ತಿದ್ದೆವು. ಕಲ್ಲುಕಂಬದ ಅಂಚು ಕಾಣುತ್ತಲೇ ನಾನು “ರೋಣದ ಗುಡಿ” ಅನ್ನುತ್ತಿದ್ದೆ. “ತಡಿಯಲೇ, ಪೂರ್ತಿ ಮೂಡ್ಲಿ. ಎರಡು ಶಿಖರ ಎದುರುಬದುರು ಅದಾವ, ಸೂಡಿ ಜೋಡು ಕಳಸದ ಗುಡಿ ಅದು” ಅನ್ನುತ್ತಿದ್ದ ಅವನು. ಚಾಲುಕ್ಯರ ಗುಡಿಗಳನ್ನು ನೋಡಲು ನಾನು ಕಲಿತದ್ದು ಹೀಗೆ. ಅಂಚೆಚೀಟಿಯಷ್ಟು ಚಿತ್ರದಲ್ಲಿ ಕುಸುರಿ ಕಾಣುವುದಿಲ್ಲ, ಕಟ್ಟಡದ ಮೈಕಟ್ಟು ಕಾಣುತ್ತದೆ.

ರೀಲಿನ ಕಾಲದಲ್ಲಿ 36 ಫೋಟೋ ಹೇಗೆ ಬಂದಿವೆಯೆಂದು ತೊಳೆಸಿ ತರುವತನಕ ತಿಳಿಯುತ್ತಿರಲಿಲ್ಲ. ಈಗ ಮದುವೆ ಮನೆಯವರೇ ಸ್ಟುಡಿಯೋಗೆ ಬಂದು ಆರಿಸತೊಡಗಿದರು. ಅವರಿಗೆ ‘ಫಿಲ್ಮ್‌ಸ್ಟ್ರಿಪ್’ ಇಷ್ಟ: ಕೆಳಗೆ ಸಣ್ಣ ಚಿತ್ರಗಳ ಸಾಲು, ಮೇಲೆ ಒಂದೇ ದೊಡ್ಡದು. “ಇದು ಬ್ಯಾಡ್ರಿ, ಅತ್ತಿ ಮಾರಿ ಸಿಟ್ಟಾಗೇತಿ” ಎಂದು ಮದುಮಗಳೇ ಹೇಳಿದಾಗ ಅತ್ತೆಯೂ ನಗುತ್ತಿದ್ದರು.

ನರಗುಂದದಿಂದ ಜುಲೈ 21ರಂದು ತಂದ ಫೋಟೋಗಳ ರೀತಿಯೇ ಬೇರೆ. 1980ರ ರೈತ ಬಂಡಾಯದ ಹುತಾತ್ಮರ ವೀರಗಲ್ಲಿಗೆ ಮಾಲೆ ಹಾಕುವ ದಿನ ಅದು. ಚೌಕ ಚೌಕದಲ್ಲೂ ಹಸಿರು ಶಾಲು, ಹೂವಿನ ಹಾರ, ಒಂದಕ್ಕೊಂದು ಬೇರೆಯೆನಿಸದು. ಅವನು ಮಾತ್ರ ಒಂದೊಂದನ್ನೂ ದೊಡ್ಡದು ಮಾಡಿ, ಹಿಂದೆ ನಿಂತ ಮುದುಕರ ಮುಖಗಳನ್ನು ನೋಡುತ್ತಿದ್ದ. ವೇದಿಕೆಯವರ ಫೋಟೋ ಪೇಪರಿಗೆ ಕಳಿಸಿ, ಆ ಮುದುಕರದನ್ನು ಬೇರೆ ಫೋಲ್ಡರಿನಲ್ಲಿ ತೆಗೆದಿಡುತ್ತಿದ್ದ. ಫೋಟೋ ತೆಗೆಯುವವರಲ್ಲಿ ಅಂಥ ಆಸ್ಥೆ ನಾನು ಬೇರೆಲ್ಲೂ ಕಂಡಿಲ್ಲ.

2007ರಲ್ಲಿ ಬಂದ ವಿಂಡೋಸ್ ವಿಸ್ಟಾದಲ್ಲಿ ಫಿಲ್ಮ್‌ಸ್ಟ್ರಿಪ್ ಇರಲಿಲ್ಲ. ಆ ಹೊತ್ತಿಗೆ ನಾನೂ ಊರು ಬಿಟ್ಟಿದ್ದೆ.

ಎಕ್ಸ್‌ಪಿ ಆ ಸಣ್ಣ ಚಿತ್ರಗಳನ್ನೆಲ್ಲ ಆಯಾ ಫೋಲ್ಡರಿನಲ್ಲೇ ‘ಥಂಬ್ಸ್ ಡಾಟ್ ಡಿಬಿ’ ಎಂಬ ಅಡಗಿದ ಫೈಲಿನಲ್ಲಿ ಕೂಡಿಡುತ್ತಿತ್ತು. ಮೂಲ ಫೋಟೋ ಅಳಿಸಿದರೂ ಸಣ್ಣದು ಎಷ್ಟೋ ಸಲ ಅಲ್ಲೇ ಉಳಿಯುತ್ತಿತ್ತು. ಅವನು ಹಿಂದೆ ಕೊಟ್ಟ ಸಿಡಿಯೊಂದರಲ್ಲಿ ಆ ಫೈಲ್ ಸಿಕ್ಕಿತು, ತೆಗೆಯುವ ಸಾಫ್ಟ್‌ವೇರ್ ಹುಡುಕಿ ತೆಗೆದೆ. ಸಿಡಿಯಲ್ಲಿ ಇಲ್ಲದ ಫೋಟೋ ಒಂದು ಅದರಲ್ಲಿತ್ತು: ನರಗುಂದದ ಗುಡ್ಡದ ಮೇಲೆ, ಗಾಳಿಗೆ ಕೂದಲು ಕೆದರಿ, ಕಣ್ಣು ಮುಚ್ಚಿ ನಿಂತ ಅವನು. ಉದ್ದಗಲ 96 ಪಿಕ್ಸೆಲ್ ಮೀರದ ಚಿತ್ರ. ವಾಟ್ಸಾಪ್‌ನಲ್ಲಿ ಕಳಿಸಿದೆ. ಕೂಡಲೇ ಫೋನ್ ಬಂತು: “ಅದನ್ನ ಅಳಿಸಿದ್ನೆಲ್ಲಲೇ! ಉಳಿದಾವೂ ಅದಾವೇನು, ಕಳಿಸು ಮತ್ತ.”